ಅಜ್ಜಿಯ ಹಲ್ಲು, ಅಮ್ಮನ ಒಳಜೇಬು

ನಮ್ಮ ಅಜ್ಜಿ ಹಲ್ಲಿನ ಸೆಟ್ಟನ್ನು ಎರಡೇ ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದಳು. ಒಂದು ಊಟಕ್ಕೆ, ಇನ್ನೊಂದು ಜಗಳಕ್ಕೆ. ಮಿಕ್ಕ ಹೊತ್ತು ಅದು ದವಡೆ ಕಚ್ಚುತ್ತದೆ ಎಂದು ತೆಗೆದು ತನ್ನ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹಾಗಾಗಿ ಊಟ ಮುಗಿದು ಕೈ ತೊಳೆದ ಮೇಲೂ ಹಲ್ಲು ಬಾಯಲ್ಲೇ ಉಳಿದಿದೆ ಎಂದರೆ ನಾವು ಮಕ್ಕಳು ತಟ್ಟೆ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದೆವು.

ಆ ಭಾನುವಾರ ಹಾಗೇ ಆಯಿತು. ಅಮ್ಮ ಎಲ್ಲರಿಗೂ ಬಡಿಸಿ, ತಾನು ಇನ್ನೂ ಕೂರದೆ, ಸೌಟು ಕೈಯಲ್ಲಿ ಹಿಡಿದೇ ಹೇಳಿದ್ದಳು.

“ನಾಳೆಯಿಂದ ನಾನು ಸೇತುವೆ ಆಚೆ ಹೊಲಿಗೆ ಕಾರ್ಖಾನೆಗೆ ಹೋಗ್ತೀನಿ. ಅಲ್ಲಿ ಬಟ್ಟೆ ಕತ್ತರಿಸೋ ಮಾಸ್ತರು ಬರೋಕೆ ಹೇಳಿದ್ದಾರೆ.”

ಅಪ್ಪ ಬೇಳೆಯಲ್ಲಿ ಏನೋ ಬಿದ್ದಿದೆ ಎಂಬಂತೆ ತಟ್ಟೆಯನ್ನೇ ನೋಡತೊಡಗಿದ. ಅವನಿಗೆ ಮೊದಲೇ ಗೊತ್ತಿತ್ತು ಅಂತ ಅದರಲ್ಲೇ ತಿಳಿಯಿತು. ಅಜ್ಜಿ ಕೊನೆಯ ತುತ್ತಿನವರೆಗೂ ಉಂಡಳು. ಕೈ ತೊಳೆದು ಬಂದು ಸ್ಟೂಲಿನ ಮೇಲೆ ಕೂತಳು. ಹಲ್ಲು ತೆಗೆಯಲಿಲ್ಲ.

“ಮನೇಲಿ ಮಿಷನ್ ಇಲ್ವಾ?” ಅಂದಳು.

“ಇದೆ ಅತ್ತೆ. ಅದರ ಪೆಡಲಿಗೆ ನಿಮ್ಮ ಮಗ ಎಷ್ಟು ಸಲ ಬೆಸುಗೆ ಹಾಕಿದ್ರೋ ಅವರನ್ನೇ ಕೇಳಿ. ಒಂದು ಕುಪ್ಪಸ ಮುಗಿಯೋದರೊಳಗೆ ನನ್ನ ಮೊಣಕಾಲು ಮುಗಿಯುತ್ತೆ.”

“ಕುಣಿಯಲಾರದವಳಿಗೆ ನೆಲ ಡೊಂಕಂತೆ. ಅಡುಗೆ ಯಾರು ಮಾಡ್ತಾರೆ?”

“ಇವರು ಮಾಡ್ತಾರೆ,” ಎಂದು ಅಮ್ಮ ಸೌಟಿನಿಂದಲೇ ಅಪ್ಪನನ್ನು ತೋರಿಸಿದಳು.

ಅಜ್ಜಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಅಪ್ಪನದು ನಮ್ಮ ಮನೆಯ ಮೆಟ್ಟಿಲ ಕೆಳಗೇ ಸೈಕಲ್ ರಿಪೇರಿ ಅಂಗಡಿ. ಎಷ್ಟು ಸೋಪು ಹಾಕಿ ತೊಳೆದರೂ ಅವನ ಉಗುರಿನ ಸುತ್ತ ಗ್ರೀಸಿನ ಗೆರೆ ಹೋಗುತ್ತಿರಲಿಲ್ಲ.

“ಈ ಕೈಯಲ್ಲಿ? ಅನ್ನಕ್ಕೆ ಒಗ್ಗರಣೆ ಬೇಡ, ಗ್ರೀಸೇ ಸಾಕು. ಚಿಕ್ಕದರ ಗತಿ ಏನು?”

ಚಿಕ್ಕದು ಎಂದರೆ ನಮ್ಮ ತಂಗಿ, ಉಂಡೆ. ಹುಟ್ಟಿದಾಗ ಉಂಡೆಯ ಹಾಗಿದ್ದಳಂತೆ, ಆ ಹೆಸರೇ ನಿಂತಿತು. ಇನ್ನೂ ಶಾಲೆಗೆ ಸೇರಿರಲಿಲ್ಲ. ಅಮ್ಮ ಕೈತುತ್ತು ಕೊಟ್ಟರಷ್ಟೇ ಬಾಯಿ ತೆರೆಯುತ್ತಿದ್ದಳು. ಅವಳಿಗಿಂತ ದೊಡ್ಡವನು ನಾನು, ಕಡ್ಡಿ. ನನಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ. ಎಲ್ಲರಿಗಿಂತ ದೊಡ್ಡವಳು ಅಕ್ಕ, ಎರಡು ಜಡೆ, ಇಡೀ ಮನೆಗೆ ಆಗುವಷ್ಟು ಬಾಯಿ.

“ನಾನಿದ್ದೀನಲ್ಲ ಅಜ್ಜಿ,” ಅಂದಳು ಅಕ್ಕ.

“ನೀನಿದ್ದೀಯ ಅಂತಾನೇ ಭಯ ಕಣೇ.”

ಅಮ್ಮ ಸೌಟು ಕೆಳಗಿಟ್ಟು ಅಜ್ಜಿಯ ಎದುರು ನೆಲದ ಮೇಲೆ ಕೂತಳು. “ಅತ್ತೆ, ಅಲ್ಲಿ ಕತ್ತರಿಸೋ ಮೇಜಿದೆ. ಮಂಚಕ್ಕಿಂತ ಉದ್ದ. ಚೆನ್ನಾಗಿ ಹೊಲಿಯೋರನ್ನ ಮುಂದೆ ಆ ಮೇಜಿಗೆ ನಿಲ್ಲಿಸ್ತಾರಂತೆ. ಇಷ್ಟು ವರ್ಷ ಬೇರೆಯವರು ಕತ್ತರಿಸಿದ್ದನ್ನ ನಾನು ಹೊಲಿದೆ. ಒಂದು ಸಲ ನಾನೇ ಕತ್ತರಿಸಬೇಕು.”

ಅಮ್ಮ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾವು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಜ್ಜಿಯೂ ನೋಡಿರಲಿಲ್ಲವೇನೋ. ಸ್ವಲ್ಪ ಹೊತ್ತು ಬಾಯಲ್ಲಿ ಹಲ್ಲನ್ನು ಆಡಿಸಿದಳು.

“ಒಂದು ತಿಂಗಳು,” ಅಂದಳು. “ಒಂದು ತಿಂಗಳು ನೋಡ್ತೀನಿ. ಮನೆ ಮನೆ ಥರ ಇದ್ರೆ ಹೋಗು. ಇಲ್ದಿದ್ರೆ ಆ ಕುಂಟು ಮಿಷನ್ನೇ ಗತಿ. ಆಮೇಲೆ ನನ್ನ ಹತ್ರ ಅಳಬಾರದು.”

ಹಲ್ಲು ತೆಗೆದು ಜೇಬಿಗೆ ಹಾಕಿಕೊಂಡಳು. ಅಲ್ಲಿಗೆ ತೀರ್ಪು ಮುಗಿಯಿತು.

ಆ ಒಳಜೇಬಿನ ವಿಷಯ ಹೇಳಬೇಕು. ಅಮ್ಮ ಮನೆಯವರಿಗೆ ಏನೇ ಹೊಲಿಯಲಿ, ಎಡಗಡೆ ಪಕ್ಕೆಯ ಹತ್ತಿರ ಒಳಗೆ ಒಂದು ಜೇಬು ಇಡುತ್ತಿದ್ದಳು. ಹೊರಗಿನಿಂದ ನೋಡಿದರೆ ಸುಳಿವೇ ಸಿಗದು. ನಮ್ಮ ಜೇಬುಗಳಲ್ಲಿ ದಿನಾ ಬೆಳಿಗ್ಗೆ ಏನಾದರೊಂದು ಇರುತ್ತಿತ್ತು. ಹುರಿದ ಕಡಲೇಕಾಯಿ, ಪೆಪ್ಪರಮಿಂಟು, ಏನೂ ಇಲ್ಲದ ದಿನ ರೊಟ್ಟಿಯ ಗರಿಗರಿ ಅಂಚು. ಮಧ್ಯಾಹ್ನದ ಗಂಟೆ ಹೊಡೆಯುವ ತನಕ ಕೈ ಹಾಕಬಾರದು ಎಂಬುದು ಕಟ್ಟಪ್ಪಣೆ. ತರಗತಿಯಲ್ಲಿ ಲೆಕ್ಕ ತಪ್ಪಿ ಬೆಂಚಿನ ಮೇಲೆ ನಿಂತಿದ್ದಾಗಲೂ ನಾನು ಮೊಣಕೈಯಿಂದ ಪಕ್ಕೆಯನ್ನು ಮೆಲ್ಲಗೆ ಒತ್ತಿ ನೋಡಿಕೊಳ್ಳುತ್ತಿದ್ದೆ. ಇದೆ ಎಂದು ಗೊತ್ತಾದರೆ ನಿಲ್ಲುವುದು ಅಷ್ಟೇನೂ ಕಷ್ಟವಾಗುತ್ತಿರಲಿಲ್ಲ. ಅಪ್ಪನ ಜೇಬಿನಲ್ಲಿ ಸೈಕಲ್ ಚೈನಿನ ಕೊಂಡಿಗಳಿರುತ್ತಿದ್ದವು. ಅಜ್ಜಿಯದರಲ್ಲಿ ಏನಿತ್ತೆಂದು ಆಗಲೇ ಹೇಳಿದೆ.

ಸೋಮವಾರ ನಾವು ಏಳುವಷ್ಟರಲ್ಲಿ ಅಮ್ಮ ಹೋಗಿಯಾಗಿತ್ತು. ಗೂಟಕ್ಕೆ ನೇತುಹಾಕಿದ ಅಂಗಿಗಳ ಜೇಬುಗಳು ಮಾತ್ರ ತುಂಬಿದ್ದವು. ಉಂಡೆ ಹಾಸಿಗೆಯಿಂದ ಇಳಿದವಳೇ ತನ್ನ ಜೇಬಿಗೆ ಕೈ ಹಾಕಿ ಎಲ್ಲವನ್ನೂ ತಿಂದು ಮುಗಿಸಿ, ಆಮೇಲೆ ಅಳಲು ಕೂತಳು.

“ಈಗ್ಯಾಕೆ ಅಳ್ತೀಯ?” ಅಂದಳು ಅಕ್ಕ.

“ಮಧ್ಯಾಹ್ನಕ್ಕೆ ಏನೂ ಇಲ್ಲ!”

ಅಕ್ಕ ಆ ದಿನವೇ ಕೆಲಸ ಹಂಚಿದಳು. ಅಪ್ಪನಿಗೆ ಅಡುಗೆ, ತನಗೆ ಪಾತ್ರೆ, ನನಗೆ ಕಸ ಮತ್ತು ನೀರು. ಅಜ್ಜಿಯ ಕಡೆ ತಿರುಗಿದಾಗ ಅಜ್ಜಿ ಕೈಯೆತ್ತಿ ತಡೆದಳು. “ನಾನು ಈ ತಿಂಗಳು ನೆಂಟಳು. ಸ್ಟೂಲಿನ ಮೇಲೆ ಕೂತು ನೋಡ್ತೀನಿ. ಏ ಪೊರಕೆಕಡ್ಡಿ, ಆ ಮೂಲೆ ಬಿಟ್ಟೆ ನೋಡು.”

ನೆಂಟಳಿಗೆ ಅಪ್ಪ ಮೊದಲ ದಿನ ಗಂಜಿ ಕಾಯಿಸಿದ. ಸೌಟು ಅದರಲ್ಲಿ ತಾನಾಗಿಯೇ ನಿಂತುಕೊಂಡಿತು. ಅಜ್ಜಿ ಬಟ್ಟಲನ್ನು ಬೋರಲು ಹಾಕಿದಳು. ಗಂಜಿ ಬೀಳಲಿಲ್ಲ.

“ಇದು ಗಂಜಿನೋ, ಟ್ಯೂಬಿಗೆ ಹಚ್ಚೋ ಅಂಟೋ?”

“ಅಂಟಾದ್ರೆ ಒಳ್ಳೇದೇ ಅಮ್ಮಾ, ಹೊಟ್ಟೇಲಿ ನಿಲ್ಲುತ್ತೆ,” ಎಂದ ಅಪ್ಪ. ಮಾರನೇ ದಿನ ಅವನು ನೀರು ಹೆಚ್ಚಿಗೆ ಹಾಕಿದ. ಆಗ ಅನ್ನದ ಅಗುಳನ್ನು ಹುಡುಕಿ ತಿನ್ನಬೇಕಾಯಿತು. ಬೇಳೆ ಮೂರು ಥರ ಬೆಂದಿತ್ತು, ಮೇಲೆ ಹಸಿ, ನಡುವೆ ಹದ, ತಳದಲ್ಲಿ ಇದ್ದಿಲು. ಅಕ್ಕ ಆ ತಳ ಉಜ್ಜಿ ಉಜ್ಜಿ, ಇನ್ನೊಂದು ಸಲ ಸೀದರೆ ಪಾತ್ರೆಯನ್ನೇ ನಿನ್ನ ಅಂಗಡಿಗೆ ತಂದುಕೊಡುತ್ತೇನೆ ಎಂದು ಅಪ್ಪನ ಮೇಲೆ ಕೂಗಾಡಿದಳು. ಪಕ್ಕದ ಮನೆಯವರು ಸೈಕಲ್ ಟೈರು ಸುಡುತ್ತಿದೆಯೇ ಎಂದು ಕೇಳಿಕೊಂಡು ಬಂದರು. ನಾವು ಹೌದೆಂದೆವು.

ಉಂಡೆ ಮಾತ್ರ ಯಾರ ಕೈಯಿಂದಲೂ ಉಣ್ಣಲಿಲ್ಲ. ಖಾಲಿ ಜೇಬಿನೊಳಗೆ ಕೈಯಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು.

“ಅಮ್ಮ ಯಾವಾಗ ಬರ್ತಾಳೆ?”

“ಎದುರು ಗೋಡೆ ಮೇಲೆ ಬೆಕ್ಕು ಬಂದು ಕೂತಾಗ,” ಅನ್ನುತ್ತಿದ್ದಳು ಅಜ್ಜಿ.

ಬೆಕ್ಕು ಬಂದು ಕೂತು, ಮೈ ನೆಕ್ಕಿಕೊಂಡು, ಎದ್ದು ಹೋದ ಮೇಲೂ ಅಮ್ಮ ಬರದಿದ್ದಾಗ ಉಂಡೆ ಅದು ಹೋದ ದಿಕ್ಕಿಗೆ ಕಲ್ಲು ಎಸೆದಳು.

ಸಂಜೆ ಅಮ್ಮ ಬಂದರೆ ತಲೆಯ ತುಂಬ ದಾರದ ಚೂರು. ಉಂಡೆ ಅವಳ ತೊಡೆಯ ಮೇಲೆ ಹತ್ತಿ ಒಂದೊಂದೇ ಚೂರು ಆರಿಸುತ್ತ ಬಾಯಿ ತೆರೆಯುವಳು, ಅಮ್ಮ ತುತ್ತಿಡುವಳು. ಊಟವಾದ ಮೇಲೆ ಅಮ್ಮ ಹಳೆಯ ಪೇಪರು ಹರಡಿ, ಇದ್ದಿಲ ಚೂರಿನಿಂದ ತೋಳು, ಬೆನ್ನು, ಕಾಲರ್ ಎಂದು ಬರೆದು ಕತ್ತರಿಸುತ್ತಿದ್ದಳು. ಅಳತೆಗೆ ಉಂಡೆಯನ್ನೇ ಪೇಪರಿನ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಿದ್ದಳು.

“ನೋಡ್ರೀ, ಮಾಸ್ತರು ಬಟ್ಟೆ ಮೇಲೆ ತುಂಡುಗಳನ್ನ ಜೋಡಿಸೋದೇ ಒಂದು ಚಂದ. ಚೂರು ಜಾಗ ಬಿಡಲ್ಲ,” ಎಂದು ಅಪ್ಪನಿಗೆ ಹೇಳುವಳು.

“ಬಸ್ಸಲ್ಲಿ ಜನ ಕೂರಿಸಿದ ಹಾಗೆ,” ಎನ್ನುವನು ಅಪ್ಪ.

ಅಜ್ಜಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. ಆದರೂ ಒಂದು ಸಂಜೆ, “ಆ ತೋಳನ್ನ ತಲೆಕೆಳಗು ಮಾಡಿದ್ರೆ ಪಕ್ಕದಲ್ಲಿ ಜಾಗ ಉಳಿಯುತ್ತಲ್ಲ,” ಎಂದು ಬಾಯಿ ಜಾರಿದಳು. ಎಲ್ಲರೂ ತಿರುಗಿ ನೋಡಿದಾಗ, “ನಿದ್ದೆಗಣ್ಣಲ್ಲಿ ಏನೋ ಅಂದೆ,” ಎಂದು ಗೋಡೆಯ ಕಡೆ ಹೊರಳಿದಳು.

ಎರಡನೇ ವಾರ ನೆಂಟಳ ಸ್ಟೂಲು ಒಲೆಯ ಹತ್ತಿರಕ್ಕೆ ಸರಿಯಿತು. ಹೊಗೆ ಕಾಣಲಿ ಅಂತ, ಎಂದಳು. ಮಾರನೇ ದಿನ ಅಪ್ಪನ ಕೈಯಿಂದ ಸೌಟು ಕಿತ್ತುಕೊಂಡು, “ಕೈ ತೋರಿಸ್ತೀನಿ ಅಷ್ಟೇ, ಅಡುಗೆ ಮಾಡಲ್ಲ,” ಎಂದಳು. ಹಾಗೆ ಕೈ ತೋರಿಸುತ್ತ ತೋರಿಸುತ್ತ ವಾರದ ಕೊನೆಗೆ ಅಡುಗೆ ಪೂರ್ತಿ ಅವಳದೇ ಆಗಿತ್ತು. ಉಂಡೆಯೂ ಅಷ್ಟಿಷ್ಟು ಉಣ್ಣತೊಡಗಿದಳು, ಆದರೆ ಒಂದು ಷರತ್ತಿನ ಮೇಲೆ. ತುತ್ತಿಗೊಂದು ಸಲ ಅಜ್ಜಿ ಹಲ್ಲು ತೆಗೆದು ಹಾಕಿ ತೋರಿಸಬೇಕು.

“ಅಂದ್ರೆ ಮನೆ ಮನೆ ಥರ ಇದೆ ಅಲ್ವಾ ಅಜ್ಜಿ?” ಎಂದು ಅಕ್ಕ ಕೆಣಕಿದಳು.

“ತಿಂಗಳು ಇನ್ನೂ ಮುಗಿದಿಲ್ಲ. ನಿನ್ನ ಪಾತ್ರೆ ನೋಡು, ಜಿಡ್ಡು.”

ಮೂರನೇ ವಾರ ಅಮ್ಮ ಓಡಿಕೊಂಡೇ ಮನೆಗೆ ಬಂದಳು. ದೂರದ ಯಾವುದೋ ಹಾಸ್ಟೆಲ್ ಶಾಲೆಯ ಮಕ್ಕಳಿಗೆ ತಿಳಿನೀಲಿ ಅಂಗಿಗಳ ಕೆಲಸ ಬಂದಿತ್ತು, ಗುಡ್ಡೆಗಟ್ಟಲೆ. ಮೊದಲ ಅಂಗಿಯನ್ನು ಅಮ್ಮನ ಕೈಗೇ ಕೊಟ್ಟಿದ್ದರಂತೆ. ಮಾದರಿ ಅಂಗಿ. ಮಾಸ್ತರು ಅದರ ಕಾಲರು, ಗುಂಡಿಮನೆ ನೋಡಿ ಸೈ ಎಂದು ಗೂಟಕ್ಕೆ ನೇತುಹಾಕಿ, ಉಳಿದ ಹೆಂಗಸರಿಗೆಲ್ಲ ಅದರಂತೆಯೇ ಹೊಲಿಯಿರಿ ಎಂದಿದ್ದರು.

“ನನ್ನ ಅಂಗಿ ನೋಡ್ಕೊಂಡು ಎಲ್ಲರೂ ಹೊಲೀತಿದ್ದಾರೆ ಅತ್ತೆ!”

“ಜಂಬ ಬೇಡ. ಕೈ ತೊಳ್ಕೊಂಡು ಊಟಕ್ಕೆ ಬಾ,” ಎಂದಳು ಅಜ್ಜಿ. ಆದರೆ ಆ ದಿನ ಎಲ್ಲರಿಗಿಂತ ಮೊದಲು ಅಮ್ಮನ ತಟ್ಟೆಗೆ ಬಡಿಸಿದಳು.

ನಾಲ್ಕನೇ ವಾರದ ಮೊದಲ ಸಂಜೆಯೇ ಮಾಸ್ತರು ನಮ್ಮ ಬಾಗಿಲಿಗೆ ಬಂದರು. ಸಣ್ಣ ಆಳು, ಕಿವಿಯ ಮೇಲೆ ಸೀಮೆಸುಣ್ಣ. ಸೈಕಲ್ಲಿನ ಹಿಂದೆ ಅವರಿಗಿಂತ ಎತ್ತರದ ಮೂಟೆ. ಅಮ್ಮ ಅವರ ಹಿಂದೆಯೇ ನಡೆದು ಬರುತ್ತಿದ್ದಳು, ಮುಖ ಬಾಡಿತ್ತು.

ಮಾಸ್ತರು ಮೂಟೆಯಿಂದ ಒಂದು ಅಂಗಿ ಎಳೆದು ಅಜ್ಜಿಯ ಮುಂದೆ ಹಿಡಿದರು. “ಒಳಗೆ ಕೈ ಹಾಕಿ ನೋಡಿ ಅಮ್ಮಾ. ಎಡಗಡೆ.”

ಅಜ್ಜಿ ಕೈ ಹಾಕಿದಳು. ಕೈ ಜೇಬಿನೊಳಗೆ ಹೋಯಿತು.

“ಎಲ್ಲ ಅಂಗೀಲೂ ಇದೆ!” ಅಂದರು ಮಾಸ್ತರು. “ಒಬ್ಬಳಲ್ಲ, ಸಾಲಿಗೆ ಸಾಲೇ ಹಾಕಿದೆ. ಯಾಕೆ ಅಂತ ಕೇಳಿದ್ರೆ, ಮಾದರೀಲಿ ಇತ್ತಲ್ಲ ಅಂತಾರೆ. ಕಾಲರಿನ ಒಳಪಟ್ಟಿಗೆ ಅಂತ ಬುಟ್ಟೀಲಿ ತುಂಡು ಇಟ್ಟಿದ್ದೆ. ಈಗ ಬುಟ್ಟಿ ಖಾಲಿ, ಅರ್ಧ ಅಂಗಿಗೆ ಕಾಲರಿಲ್ಲ!”

“ಮಾದರಿ ನೋಡಿದವರು ನೀವೇ ಅಲ್ವಾ?” ಎಂದ ಅಪ್ಪ.

“ಹೊರಗೆ ನೋಡಿದೆ ಸ್ವಾಮಿ. ಅಂಗಿ ಒಳಗೆ ಯಾರು ನೋಡ್ತಾರೆ?”

ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. “ಮಗು ಅಳತೆ ಅಂಗಿ ಕೈಗೆ ಬಂತು. ಕೈ ತಾನೇ ಹೊಲೀತಾ ಹೋಯ್ತು. ದೇವರಾಣೆ ಅತ್ತೆ, ನನಗೆ ಗೊತ್ತೇ ಆಗಲಿಲ್ಲ.”

ಶನಿವಾರ ಕಾರ್ಖಾನೆಯ ಮಾಲೀಕರಮ್ಮ ಬರುತ್ತಾರೆ, ಅಷ್ಟರೊಳಗೆ ಜೇಬುಗಳನ್ನೆಲ್ಲ ಬಿಚ್ಚಿ, ಆ ತುಂಡುಗಳಿಂದ ಕಾಲರು ಮುಗಿದಿರಬೇಕು, ಇಲ್ಲದಿದ್ದರೆ ತಾನು ಏನೂ ಮಾಡಲಾರೆ ಎಂದರು ಮಾಸ್ತರು. ಉಳಿದ ಹೆಂಗಸರೂ ಒಂದೊಂದು ಗಂಟು ಮನೆಗೆ ಒಯ್ದಿದ್ದರು. ಇದು ಅಮ್ಮನ ಪಾಲು, ಎಲ್ಲರದಕ್ಕಿಂತ ದೊಡ್ಡದು. ಮಾಸ್ತರು ಹೋದರು. ಮೂಟೆ ನಡುಮನೆಯಲ್ಲಿ ಕೂತಿತು.

ಅಜ್ಜಿ ನಿಧಾನವಾಗಿ ಜೇಬಿಗೆ ಕೈ ಹಾಕಿ ಹಲ್ಲು ತೆಗೆದಳು. ಬಾಯಿಗೆ ಹಾಕಿಕೊಂಡಳು. ನಾನು ಅಕ್ಕನ ಹಿಂದೆ ಸರಿದೆ. ಅಕ್ಕ ಬಾಗಿಲ ಹಿಂದೆ ಸರಿದಳು.

“ಬ್ಲೇಡು ಎಲ್ಲಿದೆ?” ಅಂದಳು ಅಜ್ಜಿ.

ಯಾರೂ ಅಲುಗಾಡಲಿಲ್ಲ.

“ಕಿವಿ ಕೇಳಲ್ವಾ? ಬ್ಲೇಡು ತಗೊಂಡು ಬನ್ರೋ. ನನ್ನ ಸೊಸೆ ಹೊಲಿಗೆ ಅದು, ಸುಮ್ನೆ ಎಳೆದ್ರೆ ಬಟ್ಟೆ ಹರಿಯುತ್ತೆ ಹೊರತು ದಾರ ಬಿಡಲ್ಲ. ಒಂದು ಬಿಟ್ಟು ಒಂದು ಹೊಲಿಗೆ ಕತ್ತರಿಸಿ ಬರಬೇಕು. ಏ ಕಡ್ಡಿ, ದೀಪ ಹತ್ರ ತಾ.”

ಆ ವಾರ ನಮ್ಮ ಮನೆಯಲ್ಲಿ ಎಲ್ಲಿ ಕೂತರೂ ನೀಲಿ ದಾರ ಅಂಟುತ್ತಿತ್ತು. ಅಪ್ಪ ಸೈಕಲ್ಲಿನ ಕಡ್ಡಿಯ ತುದಿ ಚೂಪು ಮಾಡಿ ಎಲ್ಲರಿಗೂ ಒಂದೊಂದು ಕೊಟ್ಟ. ದಾರ ಎತ್ತುವುದಕ್ಕೆ ಅದಕ್ಕಿಂತ ಒಳ್ಳೆಯ ಆಯುಧ ನಾನು ಆಮೇಲೂ ಕಂಡಿಲ್ಲ. ಅಂಗಡಿಗೆ ಬಂದ ಗಿರಾಕಿಗಳ ಕೈಗೂ ಅವನು ಒಂದೊಂದು ಅಂಗಿ ಕೊಟ್ಟು, ಪಂಕ್ಚರ್ ಹಾಕುವ ತನಕ ಸುಮ್ಮನೆ ಯಾಕೆ ನಿಲ್ಲುತ್ತೀರಿ ಎನ್ನುತ್ತಿದ್ದ. ಅಕ್ಕ ಬಿಚ್ಚಿದ ತುಂಡುಗಳನ್ನು ಇಸ್ತ್ರಿ ಮಾಡಿ ಅಡಕುತ್ತಿದ್ದಳು. ಅಮ್ಮ ಕಾರ್ಖಾನೆಯಿಂದ ಬಂದವಳೇ ಕುಂಟು ಮಿಷನ್ನಿನ ಮೇಲೆ ಕಾಲರು ಹೊಲಿಯುತ್ತಿದ್ದಳು. ಅಡುಗೆಗೆ ಯಾರಿಗೂ ಪುರುಸೊತ್ತಿಲ್ಲ. ಎಲ್ಲರೂ ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ ತಿಂದೆವು. ನನಗೆ ಅದು ಹಬ್ಬವಾಗಿತ್ತು.

ಉಂಡೆಗೆ ದಾರದ ಚೂರು ಆರಿಸುವ ಕೆಲಸ. ಅವಳ ಮುಖ ಊದಿಕೊಂಡಿತ್ತು.

“ಯಾಕೆ ಬಿಚ್ತೀರಾ?”

“ತಪ್ಪಾಗಿ ಹಾಕಿದ್ದು ಪುಟ್ಟಾ,” ಎಂದಳು ಅಮ್ಮ.

“ನನ್ನದು ತಪ್ಪಾ?” ಎಂದು ಅವಳು ತನ್ನ ಜೇಬನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

“ನಿನ್ನದಲ್ಲ. ಆ ಮಕ್ಕಳದು.”

“ಅವರಿಗೆ ಅಮ್ಮ ಇಲ್ವಾ?”

“ಇದ್ದಾರೆ. ದೂರ ಇದ್ದಾರೆ.”

“ಹಂಗಾದ್ರೆ ಕಡಲೇಕಾಯಿ ಯಾರು ಹಾಕ್ತಾರೆ?”

ಅಮ್ಮನ ಪೆಡಲು ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿತು.

ಶುಕ್ರವಾರ ಸಂಜೆ ಕೊನೆಯ ಕಾಲರಿಗೆ ಒಂದು ತುಂಡು ಕಡಿಮೆ ಬಿತ್ತು. ಅಕ್ಕ ಮತ್ತೆ ಮತ್ತೆ ಹುಡುಕಿದಳು. ಚಾಪೆ ಕೊಡವಿದಳು, ನನ್ನನ್ನೂ ಕೊಡವಿದಳು. ಸಿಗಲಿಲ್ಲ. ಕೊನೆಗೆ ಅಜ್ಜಿ ತನ್ನ ದಿಂಬಿನ ಮಾಸಲು ನೀಲಿ ಚೀಲದ ಅಂಚು ಹರಿದುಕೊಟ್ಟಳು. ಅದರಲ್ಲಿ ಸಣ್ಣ ಸಣ್ಣ ಬಿಳಿ ಹೂಗಳಿದ್ದವು. “ಒಳಗೆ ಬೀಳುತ್ತೆ ಬಿಡು, ಅಂಗಿ ಒಳಗೆ ಯಾರು ನೋಡ್ತಾರೆ,” ಎಂದು ಮಾಸ್ತರ ದನಿಯಲ್ಲೇ ಹೇಳಿದಳು. ಅಮ್ಮ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. ಶನಿವಾರ ಬೆಳಿಗ್ಗೆ ಅಪ್ಪ ಮೂಟೆಯನ್ನು ಸೈಕಲ್ಲಿಗೆ ಬಿಗಿಯುವಾಗ ಉಂಡೆ ಅದರ ಮೇಲೆ ಹತ್ತಿ ಕೂತು, ನಾನೂ ಕಟ್ಟುತ್ತೇನೆ ಎಂದು ಹಟ ಮಾಡಿದಳು. ಅವಳು ಅಂಥ ಹಟ ದಿನಾ ಮಾಡುತ್ತಿದ್ದಳು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮಾಲೀಕರಮ್ಮ ಬಂದರು, ನೋಡಿದರು, ಅಂಗಿಗಳು ವ್ಯಾನು ಹತ್ತಿ ಹೋದವು. ನಾವು ಬದುಕಿದೆವು ಎಂದುಕೊಂಡೆವು.

ಮುಂದಿನ ವಾರದ ನಡುವೆ ಅಮ್ಮ ಒಂದೇ ಒಂದು ಅಂಗಿಯನ್ನು ಮಡಚಿ ಹಿಡಿದು ಬಂದಳು. ಊಟಕ್ಕೆ ಕೂತಿದ್ದ ನಮ್ಮ ನಡುವೆ ಅದನ್ನಿಟ್ಟಳು.

“ಇದು ವಾಪಸ್ ಬಂತು. ಒಳಜೇಬಿದೆ.”

ಅಜ್ಜಿ ಕಾಲರು ಮಗುಚಿ ನೋಡಿದಳು. ಬಿಳಿ ಹೂವು.

ಎಲ್ಲರ ಕಣ್ಣೂ ಉಂಡೆಯ ಕಡೆ ತಿರುಗಿದವು. ಅವಳು ತಟ್ಟೆಯಿಂದ ತಲೆಯೆತ್ತದೆ, “ನಾನೇ. ಬಿಚ್ಚೋವಾಗ ಇದನ್ನ ನನ್ನ ದಿಂಬಿನ ಕೆಳಗೆ ಮುಚ್ಚಿಟ್ಟಿದ್ದೆ, ಆಮೇಲೆ ಕಾಲರ್ ಹಾಕೋ ಅಂಗಿಗಳ ಜೊತೆ ಸೇರಿಸಿದೆ. ಮೂಟೆ ಕಟ್ಟೋವಾಗ ಕಡಲೇಕಾಯಿನೂ ಹಾಕಿದ್ದೆ,” ಅಂದಳು, ಬಹುಮಾನ ಕೊಡಬೇಕಾದವರು ಇನ್ನೂ ಯಾಕೆ ಸುಮ್ಮನಿದ್ದೀರಿ ಎಂಬಂತೆ.

ನಡೆದದ್ದು ಇಷ್ಟು. ಆ ಅಂಗಿಗಾಗಿ ಹಾಸ್ಟೆಲಿನಲ್ಲಿ ದಿನಾ ಮಕ್ಕಳ ಜಗಳವಂತೆ. ಇವತ್ತು ನನ್ನ ಸರದಿ, ನಾಳೆ ನಿನ್ನ ಸರದಿ ಎಂದು ಬಿಗಿಯಾದವನೂ ಸಡಿಲಾದವನೂ ಅದನ್ನೇ ಹಾಕಿಕೊಳ್ಳುವರಂತೆ. ಅಲ್ಲಿಯ ಮೇಲ್ವಿಚಾರಕಿ ಬೇಸತ್ತು, ಒಂದೋ ಎಲ್ಲದಕ್ಕೂ ಜೇಬು ಹಾಕಿ, ಇಲ್ಲಾ ಇದನ್ನೂ ಕಿತ್ತುಹಾಕಿ ಎಂದು ವ್ಯಾನಿನವನ ಕೈಯಲ್ಲಿ ಕಳಿಸಿದ್ದರು. ಮಾಲೀಕರಮ್ಮ ಎರಡರಲ್ಲಿ ಸುಲಭದ್ದನ್ನೇ ಆರಿಸಿದ್ದರು.

“ಬೆಳಿಗ್ಗೆಯೊಳಗೆ ಬಿಚ್ಚಿ ತರಬೇಕಂತೆ. ಇನ್ನೊಂದು ಸಲ ಹೀಗಾದ್ರೆ ಬರೋದೇ ಬೇಡ ಅಂದ್ರು,” ಎಂದು ಅಮ್ಮ ಸೈಕಲ್ ಕಡ್ಡಿ ಹುಡುಕತೊಡಗಿದಳು.

ಅಷ್ಟರಲ್ಲಿ ಅಜ್ಜಿ ಆ ಅಂಗಿಯ ಜೇಬಿಗೆ ಕೈ ಹಾಕಿದ್ದಳು. ಒಳಗಿನಿಂದ ಒಂದೊಂದೇ ಹೊರಗೆ ಬಂತು. ಒಂದು ಗೋಲಿ. ಚೂರು ಪೆನ್ಸಿಲು. ಕಡಲೇಕಾಯಿಯ ಸಿಪ್ಪೆ, ಅದನ್ನೂ ಯಾರೋ ಎಸೆಯದೆ ಇಟ್ಟುಕೊಂಡಿದ್ದರು. ಕೊನೆಗೆ ಒಂದು ಕಾಗದದ ಪೊಟ್ಟಣ. ಬಿಡಿಸಿದರೆ ಅಕ್ಕಿಕಾಳಿನಷ್ಟು ಒಂದು ಹಾಲುಹಲ್ಲು.

“ಅಯ್ಯೋ, ಯಾರದ್ದೋ ಹಲ್ಲು!” ಎಂದಳು ಅಕ್ಕ.

“ಆ ಮಗು ಅವರಮ್ಮನಿಗೆ ತೋರಿಸೋಕೆ ಇಟ್ಕೊಂಡಿದೆ,” ಎಂದಳು ಉಂಡೆ. ಅವಳಿಗೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇರಲಿಲ್ಲ.

ಅಜ್ಜಿ ಆ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ದೀಪಕ್ಕೆ ಹಿಡಿದಳು. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ. ನಗುತ್ತಿದ್ದಳು. “ಇದೂ ನನ್ನ ಜಾತೀನೇ! ಹಲ್ಲು ಜೇಬಲ್ಲಿ ಇಟ್ಕೊಂಡು ತಿರುಗುತ್ತೆ!” ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಒರೆಸಿಕೊಂಡ ಮೇಲೆ ಅಮ್ಮನ ಕೈಯಿಂದ ಕಡ್ಡಿ ಕಿತ್ತುಕೊಂಡಳು.

“ಬಿಚ್ಚಬೇಡ.”

“ಅತ್ತೆ, ಕೆಲಸ ಹೋಗುತ್ತೆ.”

“ಇದನ್ನ ಬಿಚ್ಚಿದ್ರೆ ಆ ಮಗು ಹಲ್ಲೆಲ್ಲಿ ಇಡಬೇಕು? ನನ್ನದು ಬಿಚ್ಚಿದ್ರೆ ನಾನೆಲ್ಲಿ ಇಡಲಿ?”

“ಎಲ್ಲದಕ್ಕೂ ಹಾಕೋಕೆ ಬಟ್ಟೆ ಎಲ್ಲಿದೆ? ಅದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು.”

“ನಿನ್ನ ಪೇಪರು ತಾ,” ಎಂದಳು ಅಜ್ಜಿ. “ಆ ತೋಳು ತಲೆಕೆಳಗು ಮಾಡು ಅಂದಿದ್ನಲ್ಲ, ಮಾಡಿದ್ಯಾ?”

“ನಿದ್ದೆಗಣ್ಣಲ್ಲಿ ಅಂದೆ ಅಂದ್ರಿ!”

“ನಿದ್ದೆಗಣ್ಣಲ್ಲಿ ಅಂದ್ರೆ ಸುಳ್ಳಾಗುತ್ತಾ?”

ಊಟದ ತಟ್ಟೆಗಳನ್ನು ಬದಿಗೆ ತಳ್ಳಿ ಪೇಪರು ಹರಡಿದರು. ಅಮ್ಮ ಎರಡು ತೋಳುಗಳನ್ನು ಒಂದಕ್ಕೊಂದು ತಲೆಕೆಳಗಾಗಿ ಇಟ್ಟಳು. ಬದಿಯಲ್ಲಿ ಒಂದು ಪಟ್ಟಿ ಉಳಿಯಿತು, ಆದರೆ ಜೇಬಿಗೆ ಸಾಲದು. ಅಜ್ಜಿ ಸಪ್ಪಗಾದಳು. ಅಮ್ಮ ಮಾತ್ರ ಮೊಣಕಾಲೂರಿ ಪೇಪರಿನ ಸುತ್ತ ಒಂದು ಸುತ್ತು ಬಂದಳು. ಬೆನ್ನಿನ ತುಂಡನ್ನು ಚೂರು ಜರುಗಿಸಿದಳು. ಕಾಲರನ್ನು ಕಂಕುಳ ಕೊರೆತದ ಸಂದಿಗೆ ಸೇರಿಸಿದಳು. ಮತ್ತೆ ತೆಗೆದಳು, ಮತ್ತೆ ಸೇರಿಸಿದಳು. ನಮ್ಮ ಕೈಯ ಅನ್ನ ಒಣಗಿ ಅಂಟಿಕೊಂಡಿತ್ತು, ಯಾರೂ ಏಳಲಿಲ್ಲ. ಕೊನೆಗೆ ಮೂಲೆಯಲ್ಲಿ ಒಂದು ಚೌಕ ಜಾಗ ಖಾಲಿ ಬಿತ್ತು. ಉಂಡೆ ತನ್ನ ಅಂಗೈಯನ್ನು ಅದರ ಮೇಲಿಟ್ಟಳು. ಪೂರ್ತಿ ಕೈ ಹಿಡಿಸಿತು.

“ಬಸ್ಸಲ್ಲಿ ಇನ್ನೊಂದು ಸೀಟು ಸಿಕ್ತು,” ಎಂದ ಅಪ್ಪ.

ಮಾರನೇ ಬೆಳಿಗ್ಗೆ ಅಮ್ಮ ಜೇಬು ಬಿಚ್ಚದ ಅಂಗಿಯನ್ನೂ ಪೇಪರಿನ ತುಂಡುಗಳನ್ನೂ ಚೀಲಕ್ಕೆ ಹಾಕಿಕೊಂಡಳು. ಆ ದಿನ ನಾವೆಲ್ಲ ಅವಳಿಗಿಂತ ಮೊದಲೇ ಎದ್ದಿದ್ದೆವು. ಹೊಸ್ತಿಲಲ್ಲಿ ಅವಳ ಕಾಲು ತಡೆಯಿತು.

“ಬೇಡ ಅಂದುಬಿಟ್ರೆ ಅತ್ತೆ?”

“ಅಂದ್ರೆ ನಾನೇ ಬರ್ತೀನಿ ಮಾತಾಡೋಕೆ. ಹಲ್ಲು ಹಾಕ್ಕೊಂಡು ಬರ್ತೀನಿ.”

ಅಮ್ಮ ಹೋದ ಮೇಲೆ ಅಜ್ಜಿ ಬೇಳೆಗೆ ಎರಡು ಸಲ ಉಪ್ಪು ಹಾಕಿದಳು. ಅಪ್ಪ ಮುಂದಿನ ಚಕ್ರದ ಪಂಕ್ಚರಿಗೆ ಹಿಂದಿನ ಚಕ್ರ ಬಿಚ್ಚಿದ. ಸಂಜೆ ಬೆಕ್ಕು ಗೋಡೆಯ ಮೇಲೆ ಬಂದಾಗ ನಾವೆಲ್ಲ ಹೊಸ್ತಿಲ ಮೇಲೆ ಒತ್ತಿಕೊಂಡು ಕೂತಿದ್ದೆವು, ಸ್ಟೂಲಿನ ಸಮೇತ ಅಜ್ಜಿಯೂ. ಬೆಕ್ಕು ಹೋಯಿತು. ಬೀದಿಯ ತಿರುವಿನಲ್ಲಿ ಅಮ್ಮ ಕಂಡಳು. ಕೈಯಲ್ಲಿ ಚೀಲವಿರಲಿಲ್ಲ. ಕಿವಿಯ ಮೇಲೆ ಒಂದು ಸೀಮೆಸುಣ್ಣ ಇತ್ತು.

ಅಕ್ಕನಿಗೆ ಅಷ್ಟೇ ಸಾಕಾಯಿತು, ಕೂಗಿಕೊಂಡು ಓಡಿದಳು.

ಮಾಸ್ತರು ಪೇಪರು ತುಂಡುಗಳನ್ನು ಮೂರು ಸಲ ಕಲಸಿ ಮತ್ತೆ ಜೋಡಿಸಲು ಹೇಳಿದರಂತೆ. ಮೂರು ಸಲವೂ ಚೌಕ ಉಳಿಯಿತು. ಆಮೇಲೆ ಮಾಲೀಕರಮ್ಮನನ್ನು ಕರೆದು ತೋರಿಸಿದರಂತೆ. ಆ ಹಾಸ್ಟೆಲಿನ ದೊಡ್ಡ ಮಕ್ಕಳ ಅಂಗಿಗಳು ಇನ್ನೂ ಕತ್ತರಿಸುವುದಿತ್ತು. “ಬಟ್ಟೆ ಹೆಚ್ಚು ಬೀಳಲ್ಲ ಅಂದ್ರೆ ಜೇಬಾದ್ರೂ ಹಾಕಿ, ಬಾಲನಾದ್ರೂ ಹಾಕಿ,” ಎಂದು ಆಕೆ ಹೋದರಂತೆ. ಮಾಸ್ತರು ಒಂದು ಸೀಮೆಸುಣ್ಣ ಕೊಟ್ಟು ಅಮ್ಮನನ್ನು ಆ ಕತ್ತರಿಸುವ ಮೇಜಿಗೆ ನಿಲ್ಲಿಸಿದರಂತೆ. ಹೊಲಿದು ಕಳಿಸಿದ್ದವುಗಳಿಗೆ ಏನು ಮಾಡುವುದೆಂದರೆ, ದೊಡ್ಡ ಅಂಗಿಗಳಲ್ಲಿ ಉಳಿಯುವ ಚೂರುಗಳಿಂದ ಜೇಬು ಮಾಡಿ ಕಳಿಸಿ, ಅಲ್ಲೇ ಹೊಲಿಸಿಕೊಳ್ಳುತ್ತೇವೆ ಎಂದು ಮೇಲ್ವಿಚಾರಕಿ ಫೋನಿನಲ್ಲಿ ಹೇಳಿದರಂತೆ.

“ಮತ್ತೆ ಆ ಹಲ್ಲು?” ಎಂದಳು ಉಂಡೆ.

“ಜೇಬಲ್ಲೇ ಇದೆ. ವ್ಯಾನಿನವನ ಹತ್ರ ಕಳಿಸಿದೆ. ಗೋಲೀನೂ ಇದೆ.”

“ಕಡಲೇಕಾಯಿ?”

“ಅದೂ ಹಾಕಿದೆ.”

ಆ ರಾತ್ರಿಯ ಬೇಳೆ ಉಪ್ಪುಪ್ಪಾಗಿತ್ತು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು, ನೀರು ಕುಡಿದು ಕುಡಿದು ಉಂಡೆವು. ಕೈ ತೊಳೆದ ಮೇಲೆ ಅಕ್ಕ ಸುಮ್ಮನಿರಬೇಕಲ್ಲ.

“ಅಜ್ಜಿ, ತಿಂಗಳು ಮುಗಿದು ಆಗಲೇ ಮೇಲಾಯ್ತು. ನಿನ್ನ ತೀರ್ಪು ಹೇಳಲೇ ಇಲ್ಲ. ಅಮ್ಮ ಕೆಲಸಕ್ಕೆ ಹೋಗಬಹುದೋ, ಇಲ್ವೋ?”

ಅಮ್ಮ ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ಅಜ್ಜಿ ಸ್ಟೂಲಿನ ಮೇಲೆ ಕೂತು, ನಿಧಾನವಾಗಿ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದಳು, ಒರೆಸಿದಳು, ಒಳಜೇಬಿಗೆ ಇಳಿಬಿಟ್ಟು ಮೇಲಿನಿಂದ ಎರಡು ಸಲ ತಟ್ಟಿದಳು.

“ಹಲ್ಲಿಲ್ಲದ ಬಾಯಲ್ಲಿ ತೀರ್ಪು ಹೇಳೋಕಾಗಲ್ಲ ಕಣೇ,” ಎಂದಳು. “ನಾಳೆ ನೋಡೋಣ.”

ಮಾರನೇ ದಿನವೂ ಅಕ್ಕ ಕೇಳಿದಳು, ಅಜ್ಜಿ ಹಾಗೇ ಹಲ್ಲು ತೆಗೆದಳು. ಎಷ್ಟೋ ವರ್ಷಗಳ ಮೇಲೆ ಅಮ್ಮನಿಗೆ ಕಣ್ಣು ಮಂಜಾಗಿ ಕತ್ತರಿ ಕೆಳಗಿಡುವವರೆಗೂ ಅಜ್ಜಿಯ ಆ ನಾಳೆ ಬರಲಿಲ್ಲ.